ಮೂವತ್ತು ಮಳೆಗಾಲಕ್ಕೊಂದು ಕೇಮನ್

ಕೊಡಗಿನ ಸಿದ್ದಾಪುರದ ಹತ್ತಿರ, ಡಾಂಬರು ರಸ್ತೆಗೆ ತಾಗಿಕೊಂಡಿರುವ ನಮ್ಮ ಕಾಫಿ ಗೋದಾಮಿನ ಒಂದು ಭಾಗಕ್ಕೆ ಗೋಡೆ ಕಟ್ಟಿಸಿ, ಅಲ್ಲಿ 2014ರ ಪೋರ್ಷೆ ಕೇಮನ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಂಡಿದ್ದೇನೆ. 2021ರ ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದಂತೆ, ಬೆಂಗಳೂರಿನಲ್ಲಿ ಎರಡನೆಯ ಮಾಲೀಕನಾಗಿ ಅದನ್ನು ಕೊಂಡೆ. ಆಗ 38,000 ಕಿ.ಮೀ. ಓಡಿತ್ತು, ಈಗ 61,000 ಆಗಿದೆ, ನಡುವೆ ಐದು ಮಳೆಗಾಲ ಕಳೆದಿವೆ. ನನಗೀಗ 46 ವರ್ಷ. ಎಪ್ಪತ್ತು ದಾಟಿದ ಮೇಲೂ ಇದನ್ನೇ ಓಡಿಸಬೇಕು, ಆಮೇಲೆ ಮಗಳ ಕೈಗೆ ಕೊಡಬೇಕು ಎಂಬ ನಿಶ್ಚಯದಿಂದಲೇ ಹದಿನೆಂಟು ತಿಂಗಳು ಹುಡುಕಿ ಆರಿಸಿದೆ.

ಮೂರು ವರ್ಷ ಓಡಿಸಿ ಮಾರುವವರು ಕಾರಿನ ಬೆಲೆ ಎಷ್ಟು ಇಳಿಯಬಹುದೆಂದು ಯೋಚಿಸುತ್ತಾರೆ. ಇಪ್ಪತ್ತೈದು, ಮೂವತ್ತು ವರ್ಷ ಇಟ್ಟುಕೊಳ್ಳುವವರಿಗೆ ಆ ಲೆಕ್ಕ ಮುಖ್ಯವಲ್ಲ. ಯಾವ ಭಾಗ ಕೆಟ್ಟರೆ ಕಾರು ನಿಂತೇ ಹೋಗುತ್ತದೆ, ಆ ಭಾಗ ಇಪ್ಪತ್ತು ವರ್ಷದ ನಂತರವೂ ಸಿಗುತ್ತದೆಯೇ, ನಮ್ಮ ಊರಿನ ತೇವ ಅದನ್ನು ಎಷ್ಟು ಬೇಗ ತಿನ್ನುತ್ತದೆ ಎಂಬ ಪ್ರಶ್ನೆಗಳೇ ಅವರಿಗೆ ಮುಖ್ಯ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಸಿದ್ದಾಪುರದ ಕಡೆ ಅಷ್ಟಿಲ್ಲವಾದರೂ ಜುಲೈ-ಆಗಸ್ಟಿನ ಕಕ್ಕಡದ ದಿನಗಳಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ಉಳಿದ ಕಾರು ಇಲ್ಲಿ ಹಾಗೆಯೇ ಉಳಿಯುತ್ತದೆಂದು ಭಾವಿಸುವಂತಿಲ್ಲ.

ಈ ಒಂದೇ ಕಾರಣಕ್ಕೆ ಮಾಡು ತೆರೆಯುವ ಕಾರುಗಳನ್ನೆಲ್ಲ ಮೊದಲೇ ಕೈಬಿಟ್ಟೆ. 2009ರಿಂದ ಬಂದ ಬಿಎಂಡಬ್ಲ್ಯು ಝಡ್4 ಮನಸ್ಸಿಗೆ ತುಂಬ ಹಿಡಿಸಿತ್ತು. ಆದರೆ ಅದರ ಲೋಹದ ಮಾಡನ್ನು ಮಡಚುವ ಹೈಡ್ರಾಲಿಕ್ ವ್ಯವಸ್ಥೆಯನ್ನು ಮೂವತ್ತು ವರ್ಷ ಸುಸ್ಥಿತಿಯಲ್ಲಿಡುವುದು ಇನ್ನೊಂದು ಯಂತ್ರವನ್ನೇ ಸಾಕಿದಂತೆ. ಕೇಮನ್‌ನ ಜೋಡಿ ಕಾರಾದ ಬಾಕ್ಸ್‌ಸ್ಟರ್‌ನಲ್ಲಿ ಬಟ್ಟೆಯ ಮಾಡಿನ ಬದಿಯಿಂದ ನೀರು ಇಳಿದುಹೋಗಲು ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಗೆ ನುಗ್ಗುತ್ತದೆ. ಹಳೆಯ ಬಾಕ್ಸ್‌ಸ್ಟರ್‌ಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ ಸೀಟಿನ ಕೆಳಗೇ ಇರುವುದರಿಂದ ಆ ನೀರು ದೊಡ್ಡ ಖರ್ಚನ್ನೇ ತರುತ್ತದೆ. ಸಿಲ್ವರ್ ಓಕ್ ಎಲೆ ವರ್ಷವಿಡೀ ಉದುರುವ ತೋಟದ ನಡುವೆ ಅಂಥ ಕಾರನ್ನು ತಂದು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ನಿಸ್ಸಾನ್ 370ಝಡ್ ಗಟ್ಟಿಯಾದ ಕಾರು, ಅದರ 3.7 ಲೀಟರ್ ಎಂಜಿನ್ ಸರಳವಾಗಿದೆ. ಆದರೆ ನಮ್ಮ ದೇಶದಲ್ಲಿ ಅದು ಮಾರಾಟವಾದದ್ದೇ ಕಡಿಮೆ, ಮಾರಾಟ ನಿಂತೂ ಬಹಳ ಕಾಲವಾಯಿತು. ಒಂದು ಬಾಗಿಲಿನ ರಬ್ಬರಿಗಾಗಿ ಹೊರದೇಶದ ಕಡೆ ನೋಡುತ್ತ ಕೂರಬೇಕಾಗುತ್ತದೆ.

ಕೇಮನ್ ಎಂದು ತೀರ್ಮಾನಿಸಿದ ಮೇಲೆ ಯಾವ ವರ್ಷದ್ದು ಎಂಬುದನ್ನು ಬಹಳ ಎಚ್ಚರದಿಂದ ನೋಡಬೇಕು. 2008ರವರೆಗಿನ ಕೇಮನ್ ಮತ್ತು ಬಾಕ್ಸ್‌ಸ್ಟರ್ ಎಂಜಿನ್‌ಗಳಲ್ಲಿ ಮಧ್ಯಂತರ ಶಾಫ್ಟ್ ಎಂಬ ದಂಡವೊಂದಿದೆ. ಅದರ ತುದಿಯ ಬೇರಿಂಗ್ ಒಡೆದರೆ ಎಂಜಿನ್ ಸಂಪೂರ್ಣ ನಾಶವಾಗುತ್ತದೆ. ಎಲ್ಲ ಕಾರುಗಳಲ್ಲೂ ಹಾಗಾಗುವುದಿಲ್ಲ, ನಿಜ. ಆದರೆ ಆ ಅವಧಿಯ ಕೊನೆಯ ಮೂರು ನಾಲ್ಕು ವರ್ಷದ ಎಂಜಿನ್‌ಗಳಲ್ಲಿ ಎಂಜಿನ್ ಬಿಚ್ಚದೆ ಆ ಬೇರಿಂಗನ್ನು ಬದಲಿಸಲು ಸಾಧ್ಯವಿಲ್ಲ. ಮೂವತ್ತು ವರ್ಷ ಆ ಭಯದೊಂದಿಗೆ ಬದುಕುವುದು ನನಗೆ ಬೇಕಿರಲಿಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಇನ್ನು 2016ರಲ್ಲಿ ಬಂದ 718 ಎಂಬ ಮುಂದಿನ ಪೀಳಿಗೆಯ ಕೇಮನ್‌ನ ಮೂಲ (ಕಡಿಮೆ ಶಕ್ತಿಯ) ಕಾರಿಗೆ ನಾಲ್ಕು ಸಿಲಿಂಡರಿನ 2.0 ಲೀಟರ್ ಟರ್ಬೊ ಎಂಜಿನ್ ಹಾಕಿದರು. ಅದರ ವೇಗ ಹೆಚ್ಚು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಟರ್ಬೊ ಎಂದರೆ ಹೆಚ್ಚು ಶಾಖ, ಹೆಚ್ಚು ಕೊಳವೆ, ಮುದಿಯಾಗುವ ಇನ್ನೊಂದು ಭಾಗ. ಹೀಗೆ ಎರಡೂ ಕಡೆಯಿಂದ ಕತ್ತರಿಸುತ್ತ ಬಂದಾಗ ಕಾರ್ಖಾನೆಯವರು 981 ಎಂದು ಕರೆಯುವ, 2012ರ ಕೊನೆಯಲ್ಲಿ ಅನಾವರಣಗೊಂಡು 2016ರವರೆಗೆ ತಯಾರಾದ ಪೀಳಿಗೆ ಉಳಿಯಿತು. ಅದರ ಮೂಲ ಕಾರಿನದು ಆರು ಸಿಲಿಂಡರುಗಳು ಮೂರು ಮೂರಾಗಿ ಎದುರುಬದುರು ಮಲಗಿರುವ 2.7 ಲೀಟರ್ ಎಂಜಿನ್, ಟರ್ಬೊ ಇಲ್ಲ, 275 ಅಶ್ವಶಕ್ತಿ. ಅದರ ಹೆಚ್ಚು ಶಕ್ತಿಯ ಆವೃತ್ತಿಯಾದ 3.4 ಲೀಟರಿನ ‘ಎಸ್’ ಕಾರಿನಲ್ಲಿ 325 ಅಶ್ವಶಕ್ತಿ ಇದೆ. ನಮ್ಮ ರಸ್ತೆಗಳಲ್ಲಿ ಆ ಐವತ್ತನ್ನು ಎಲ್ಲಿ ಬಳಸುವುದೆಂದು ನನಗೆ ತೋಚಲಿಲ್ಲ.

ನಾನು ಪರೀಕ್ಷೆ ಮಾಡಿಸಿದ್ದು ಮೂರು ಕಾರುಗಳನ್ನು. ಮೊದಲನೆಯದು ಕೇವಲ 11,000 ಕಿ.ಮೀ. ಓಡಿದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು, ಬೆಲೆಯೂ ಮೂರರಲ್ಲಿ ಅತಿ ಹೆಚ್ಚು. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕೆಗಳ ಸಂಕೇತದಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅದರಲ್ಲಿದ್ದುದು 1113, ಅಂದರೆ 2013ರ ಹನ್ನೊಂದನೆಯ ವಾರದ ಟೈರುಗಳು ಏಳು ವರ್ಷದ ನಂತರವೂ ಬದಲಾಗಿರಲಿಲ್ಲ. ಆಯಿಲ್ ಬದಲಿಸಿದ್ದು ಎರಡೇ ಸಲ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ಬ್ರೇಕ್ ದ್ರವವನ್ನು ಯಾರೂ ಮುಟ್ಟಿರಲಿಲ್ಲ. ಕಡಿಮೆ ಓಡಿದ ಕಾರೇ ಒಳ್ಳೆಯದೆಂಬ ನಂಬಿಕೆ ನನ್ನಲ್ಲೂ ಇತ್ತು, ಅದು ಅಂದೇ ಹೋಯಿತು. ನಿಂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಪೆಟ್ರೋಲು ಹಳಸುತ್ತದೆ, ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಇದಾವುದೂ ಕಿಲೋಮೀಟರಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಎರಡನೆಯದರ ಮೀಟರ್ 24,000 ಎನ್ನುತ್ತಿತ್ತು. ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬುದು ಕಾರಿನ ಕಂಪ್ಯೂಟರಿನಲ್ಲಿ ಬೇರೆಯಾಗಿ ದಾಖಲಾಗುತ್ತದೆ, ಅದನ್ನು ಓದುವ ಉಪಕರಣ ಇರುವವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಅಲ್ಲಿ 1,900 ಗಂಟೆ ಇತ್ತು. ಭಾಗಿಸಿದರೆ ಗಂಟೆಗೆ ಹದಿಮೂರು ಕಿ.ಮೀ.ಗಿಂತಲೂ ಕಡಿಮೆ ಸರಾಸರಿ. ಬೆಂಗಳೂರಿನ ಸಂಚಾರವನ್ನು ಎಷ್ಟೇ ದೂರಿದರೂ ಆ ಲೆಕ್ಕ ಕೂಡಲಿಲ್ಲ, ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕೆನಿಸಿತು. ಮಾರುತ್ತಿದ್ದವರು ಕಾರನ್ನು ಲಿಫ್ಟಿನ ಮೇಲೆ ಏರಿಸಲು ಒಪ್ಪದಿದ್ದಾಗ ನಾನು ಎದ್ದು ಬಂದೆ. ಮೂರನೆಯದು, ಅಂದರೆ ಈಗ ನನ್ನಲ್ಲಿರುವುದು, 38,000 ಕಿ.ಮೀ.ಗೆ 1,420 ಗಂಟೆ ತೋರಿಸಿತು. ಪ್ರತಿ ವರ್ಷದ ಸರ್ವೀಸಿನ ಬಿಲ್ಲುಗಳನ್ನು ಅದರ ಮೊದಲ ಮಾಲೀಕರು ಒಂದು ಕಡತದಲ್ಲಿ ವರ್ಷವಾರು ಪೋಣಿಸಿಟ್ಟಿದ್ದರು. ಮುಂದಿನ ಬಂಪರಿನಲ್ಲಿ ಗೀರುಗಳಿದ್ದವು, ಚಾಲಕನ ಸೀಟಿನ ಅಂಚು ಸವೆದಿತ್ತು. ಬಣ್ಣದ ದಪ್ಪ ಅಳೆದಾಗ ಬಾಗಿಲು, ಫೆಂಡರುಗಳೆಲ್ಲ ಕಾರ್ಖಾನೆಯ ಬಣ್ಣದಲ್ಲೇ ಇದ್ದವು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರಿನ ಗೋಡೆಗಳನ್ನೂ ನೋಡಿಸಿದೆ. ಆ ಪರೀಕ್ಷೆಗೆ ಕೊಟ್ಟ ಹಣ ಇಡೀ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ಖರ್ಚು.

ಕಾಗದಪತ್ರದ ವಿಷಯದಲ್ಲಿ ಒಂದು ಮಾತು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ಬಂದ ನಿರ್ಬಂಧದಿಂದಾಗಿ ಅಲ್ಲಿನ ಕಾರುಗಳು ಅಗ್ಗವಾಗಿ ಕಾಣುತ್ತವೆ. ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸುವಷ್ಟರಲ್ಲಿ ಆ ಅಗ್ಗ ಕರಗಿಹೋಗುತ್ತದೆ. ನನ್ನದು ಬೆಂಗಳೂರಿನಲ್ಲೇ ನೋಂದಣಿಯಾದದ್ದರಿಂದ ಹೆಸರು ಬದಲಾವಣೆಯಷ್ಟೇ ಉಳಿದಿತ್ತು.

ಕಾರು ಓಡುವ ಬಗೆಯನ್ನು ಹೇಳಲು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯೇ ಸರಿ. ಎಂಜಿನ್ ಸೀಟುಗಳ ಹಿಂದೆ, ಹಿಂಚಕ್ರಗಳ ಮುಂದೆ ಇರುವುದರಿಂದ ಕಾರಿನ ಭಾರವೆಲ್ಲ ನಮ್ಮ ಸುತ್ತಲೇ ಕೂಡಿಕೊಂಡಿರುತ್ತದೆ. ತಿರುವಿನಲ್ಲಿ ಮೂತಿ ಹೊರಗೆ ಎಳೆಯುವುದಿಲ್ಲ, ಬಾಲ ತೂಗುವುದಿಲ್ಲ, ನಮ್ಮ ಸೊಂಟದ ಸುತ್ತ ಕಾರು ತಿರುಗಿದಂತೆ ಅನಿಸುತ್ತದೆ. ಎರಡು ಮತ್ತು ಮೂರನೆಯ ಗೇರಿನಲ್ಲಿ ಸಾಗುತ್ತ ಎಂಜಿನ್ ನಿಮಿಷಕ್ಕೆ 4,500 ಸುತ್ತು ದಾಟಿತೆಂದರೆ ಬೆನ್ನ ಹಿಂದಿನ ಧ್ವನಿ ಗಂಭೀರವಾಗುತ್ತ ಏರುತ್ತದೆ. ಗರಿಷ್ಠ ಶಕ್ತಿ ಬರುವುದು 7,400 ಸುತ್ತಿನಲ್ಲಿ, ಅಲ್ಲಿಯವರೆಗೆ ಹೋಗುವ ಅವಕಾಶ ಘಾಟಿಯಲ್ಲಿ ಅಪರೂಪ. ಆದರೆ ಗಂಟೆಗೆ ಐವತ್ತು ಕಿ.ಮೀ. ವೇಗದಲ್ಲೂ ಈ ಕಾರು ಸಂತೋಷ ಕೊಡುತ್ತದೆ. ಬಹುಕಾಲ ಇಟ್ಟುಕೊಳ್ಳುವ ಕಾರಿನಲ್ಲಿ ಇದಕ್ಕಿಂತ ದೊಡ್ಡ ಗುಣವನ್ನು ನಾನು ಹುಡುಕಲಾರೆ, ಏಕೆಂದರೆ ವೇಗದ ಆಸೆ ವಯಸ್ಸಿನೊಂದಿಗೆ ಇಳಿಯುತ್ತದೆ. ಹಿಂದಿನ ಪೀಳಿಗೆಯ ಹೈಡ್ರಾಲಿಕ್ ಸ್ಟೀರಿಂಗ್ ರಸ್ತೆಯ ಕಣಕಣವನ್ನೂ ಕೈಗೆ ಹೇಳುತ್ತಿತ್ತು. ಇದರ ವಿದ್ಯುತ್ ಸ್ಟೀರಿಂಗ್ ಅಷ್ಟು ಹೇಳುವುದಿಲ್ಲ, ಅದೊಂದು ನಿಜವಾದ ಕೊರತೆ.

ಗೋಣಿಕೊಪ್ಪದಿಂದ ತಿತಿಮತಿಯ ಕಡೆ ಹೋಗುವಾಗ ಹಂಪುಗಳನ್ನು ಓರೆಯಾಗಿ, ನಡೆಯುವ ವೇಗದಲ್ಲಿ ದಾಟಿಸಬೇಕು. ಕಾಡಿನ ಆ ಭಾಗದಲ್ಲಿ ಸಂಜೆಯ ಮೇಲೆ ನಾನು ಈ ಕಾರನ್ನು ಒಯ್ಯುವುದಿಲ್ಲ. ಆನೆ ಎದುರಾದರೆ ಇಷ್ಟು ತಗ್ಗಾದ ಕಾರಿನಲ್ಲಿ ಕುಳಿತವರಿಗೆ ಅದು ಕಾಣುವುದೇ ತಡವಾಗಿ. ಸ್ಟೆಪ್ನಿ ಇಲ್ಲ, ಬದಲಿಗೆ ಪಂಕ್ಚರ್ ದ್ರವ ಮತ್ತು ಗಾಳಿ ಪಂಪು ಮಾತ್ರ. ಮುಂದಿನ ಟೈರು 235, ಹಿಂದಿನದು 265 ಮಿ.ಮೀ. ಅಗಲವಾದ್ದರಿಂದ ಹಿಂದುಮುಂದು ಮಾಡಲೂ ಬರುವುದಿಲ್ಲ.

ಇನ್ನು ಇಟ್ಟುಕೊಳ್ಳುವ ವಿಷಯ. ಕೇಮನ್‌ನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಬದಿಗಳಲ್ಲಿವೆ, ಅವುಗಳ ಮುಂದಿನ ತೆರಪಿನೊಳಗೆ ಒಣಗಿದೆಲೆ ಸೇರುತ್ತದೆ. ಅದು ಒದ್ದೆಯಾಗಿ ಕೊಳೆತರೆ ಅಲ್ಯೂಮಿನಿಯಂ ತೂತಾಗುತ್ತದೆ. ಮೇ ಕೊನೆಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಂಪರ್ ಬಿಚ್ಚಿಸಿ ಎಲೆ ತೆಗೆಸುತ್ತೇನೆ. ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ರಂಧ್ರಗಳನ್ನು ವಾರಕ್ಕೊಮ್ಮೆ ನಾನೇ ನೋಡುತ್ತೇನೆ. ಬ್ಯಾಟರಿ ಇರುವುದು ಮುಂದಿನ ಮುಚ್ಚಳದ ಕೆಳಗೆ, ಆ ಮುಚ್ಚಳ ತೆರೆಯುವುದು ಅದೇ ಬ್ಯಾಟರಿಯ ವಿದ್ಯುತ್ತಿನಿಂದ. ಬ್ಯಾಟರಿ ಪೂರ್ತಿ ಇಳಿದರೆ ಮುಂದಿನ ಸೀಟಿನವರು ಪಾದ ಇಡುವ ಜಾಗದ ಫ್ಯೂಸ್ ಪೆಟ್ಟಿಗೆಯಿಂದ ಹೊರಗೆಳೆಯಬಹುದಾದ ಒಂದು ತುದಿಗೆ ಬೇರೆ ಬ್ಯಾಟರಿಯಿಂದ ವಿದ್ಯುತ್ ಕೊಟ್ಟು ಮುಚ್ಚಳ ತೆರೆಯಬೇಕು. ಜುಲೈಯಲ್ಲಿ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಚಾರ್ಜರನ್ನು ಗೋಡೆಗೆ ಸಿಕ್ಕಿಸಿ ನೆಮ್ಮದಿಯಿಂದಿರಲಾಗದು. ಗೋದಾಮಿನ ಇನ್ವರ್ಟರಿಗೇ ಅದನ್ನು ಜೋಡಿಸಿದ್ದೇನೆ. ಇಲಿಗಳ ಕಾಟಕ್ಕೆ ಗೋಡೆಯ ಬಿರುಕುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದೆ.

ಪೆಟ್ರೋಲು ಈಚಿನ ಚಿಂತೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ಈ ಕಾರು ಶೇ. 10ರ ಕಾಲದ್ದು, ಎಥನಾಲ್ ನೀರನ್ನು ಹೀರುವ ದ್ರವ. ಆದ್ದರಿಂದ ಮಳೆಗಾಲದಲ್ಲಿ ಹಳೆಯ ಪೆಟ್ರೋಲು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಲು ಬಿಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಕನಿಷ್ಠ ನಲವತ್ತು ಕಿ.ಮೀ. ಓಡಿಸುತ್ತೇನೆ. ಅಷ್ಟು ಓಡಿದರೆ ಮಾತ್ರ ಆಯಿಲ್ ಸರಿಯಾಗಿ ಬಿಸಿಯಾಗಿ ಒಳಗಿನ ತೇವ ಆವಿಯಾಗುತ್ತದೆ. ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಆರಿಸುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ಅಧಿಕೃತ ಸರ್ವೀಸಿಗೆ ಬೆಂಗಳೂರಿಗೇ ಹೋಗಬೇಕು, ಹೋಗಿಬರುವುದು ಒಂದು ದಿನದ ಕೆಲಸವಲ್ಲ. ಬಿಡಿಭಾಗದ ಬೆಲೆ ಕಾರು ಹೊಸದಿದ್ದಾಗಿನ ಬೆಲೆಗೆ ತಕ್ಕಂತೆಯೇ ಇದೆ, ಕೊಂಡ ಬೆಲೆಗೆ ತಕ್ಕಂತೆ ಅಲ್ಲ. ಆದರೆ ಹಳೆಯ ಮಾದರಿಗಳ ಬಿಡಿಭಾಗಗಳಿಗಾಗಿಯೇ ಪೋರ್ಷೆ ಕ್ಲಾಸಿಕ್ ಎಂಬ ಪ್ರತ್ಯೇಕ ವಿಭಾಗ ಇರುವುದು ನನಗೆ ದೊಡ್ಡ ಧೈರ್ಯ. ಇಷ್ಟೆಲ್ಲ ಓಡಾಟ, ಖರ್ಚು ಬೇಡವೆನ್ನುವವರು ಈ ಕಾರನ್ನು ಕೊಳ್ಳಬಾರದು. ಕೈಯಾರೆ ನೋಡಿಕೊಳ್ಳುವ ಪ್ರೀತಿ ಇರುವವರಿಗೆ, ಕಾರಿಗೆ ಒಣ ಜಾಗ ಇರುವವರಿಗೆ, 2.7 ಲೀಟರಿನ 981 ಕೇಮನ್‌ಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. 2029ಕ್ಕೆ ಇದರ ಹದಿನೈದು ವರ್ಷದ ನೋಂದಣಿ ಮುಗಿಯುತ್ತದೆ, ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ನವೀಕರಣ. ಮೊದಲ ಮಾಲೀಕರು ಕೊಟ್ಟ ಕಡತದಲ್ಲಿ ಜಾಗ ಮುಗಿದದ್ದರಿಂದ ಕಳೆದ ತಿಂಗಳು ಎರಡನೆಯ ಕಡತ ತೆರೆದೆ, ಅದರ ಬೆನ್ನಿನ ಮೇಲೆ ಮಗಳು ತನ್ನ ಹೆಸರು ಬರೆದಿದ್ದಾಳೆ.