ಸನ್‌ಸೆಟ್ ಬೇ ಯರ್ಟ್: ಟೆಂಟೂ ಅಲ್ಲ, ಹೋಟೆಲೂ ಅಲ್ಲ

ನನಗೆ ಟೆಂಟ್ ಆಗುವುದಿಲ್ಲ. ನೆಲದ ಥಂಡಿ ಬೆನ್ನಿಗೆ ಹತ್ತುತ್ತದೆ, ಬೆಳಿಗ್ಗೆ ಎದ್ದರೆ ಸೊಂಟ ಹಿಡಿದಿರುತ್ತದೆ. ಇವರಿಗೆ ಹೋಟೆಲ್ ಆಗುವುದಿಲ್ಲ. "ವರ್ಷವಿಡೀ ಕಾರ್ಪೆಟ್ ಮೇಲೇ ಓಡಾಡುತ್ತೇವೆ, ರಜೆಗೆ ಹೋಗಿಯೂ ಕಾರ್ಪೆಟ್ ಯಾಕೆ?" ಎಂಬುದು ಇವರ ವಾದ. ಹಾಗಾಗಿ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಅಂದರೆ ಮೊದಲು ಜಗಳ, ಆಮೇಲೆ ಬುಕಿಂಗ್. ಅಮೆರಿಕದ ಒರೆಗಾನ್ ರಾಜ್ಯದ ಸ್ಟೇಟ್ ಪಾರ್ಕ್‌ಗಳಲ್ಲಿ ಬಾಡಿಗೆಗೆ ಸಿಗುವ ಯರ್ಟ್‌ಗಳಿಂದ ಆ ಜಗಳ ಸದ್ಯಕ್ಕೆ ನಿಂತಿದೆ. ನಾವು ಉಳಿದದ್ದು ಕೂಸ್ ಬೇ ಊರಿನ ಹತ್ತಿರದ ಸನ್‌ಸೆಟ್ ಬೇ ಪಾರ್ಕಿನಲ್ಲಿ. ಗಂಡ-ಹೆಂಡತಿ ಇಬ್ಬರೇ ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಯರ್ಟ್ ಅಂದರೆ ಮಧ್ಯ ಏಷ್ಯಾದ ಕುರಿಗಾಹಿಗಳ ದುಂಡು ಗುಡಾರ. ಇಲ್ಲಿಯದು ಅದರ ಸರ್ಕಾರಿ ಅವತಾರ. ಗೋಡೆ ದಪ್ಪ ಬಟ್ಟೆಯದು, ಒಳಗಡೆ ಅದಕ್ಕೆ ಮರದ ಜಾಲರಿಯ ಆಸರೆ. ಮೇಲೆ ಕೊಡೆಯ ಕಡ್ಡಿಗಳ ಹಾಗೆ ಮರದ ತೊಲೆಗಳೆಲ್ಲ ನಡುವಿಗೆ ಬಂದು ಸೇರುತ್ತವೆ, ಸೇರುವಲ್ಲಿ ಒಂದು ಪಾರದರ್ಶಕ ಗುಮ್ಮಟ. ಮಲಗಿದಲ್ಲಿಂದಲೇ ಆಕಾಶ ಕಾಣುತ್ತದೆ. ಆಕಾಶ ಅಂದರೆ ಹೆಚ್ಚಿನ ಹೊತ್ತು ಮಂಜು, ಅದು ಬೇರೆ ಮಾತು. ಕೆಳಗೆ ಮರದ ನೆಲ. ಬಂಕ್ ಹಾಸಿಗೆ, ಮಡಿಸಿದರೆ ಸೋಫಾ ಆಗುವ ಇನ್ನೊಂದು ಹಾಸಿಗೆ, ಲೈಟು, ಹೀಟರು, ಬೀಗ ಇರುವ ಬಾಗಿಲು. ಮಕ್ಕಳ ಜೊತೆ ಬರುವ ಕುಟುಂಬವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಹಾಗಾಗಿ ಇಬ್ಬರಿಗೆ ಜಾಸ್ತಿಯೇ ಜಾಗ. ಮೇಲಿನ ಬಂಕ್ ನಮ್ಮ ಒದ್ದೆ ಜಾಕೆಟ್‌ಗಳಿಗೆ ಅಟ್ಟವಾಯಿತು.

ಆ ಹೀಟರ್ ಬಗ್ಗೆ ಹೇಳಲೇಬೇಕು. ನಾನು ಕುಂದಾಪುರದ ಕಡೆಯವಳು. ಕಡಲು ಅಂದರೆ ಬೆವರು, ಸೆಖೆ, ಮೈಗೆ ಅಂಟುವ ಉಪ್ಪು ಗಾಳಿ ಎಂದೇ ಬೆಳೆದವಳು. ಒರೆಗಾನ್ ಕಡಲಿನ ಲೆಕ್ಕವೇ ಬೇರೆ ಮಾರಾಯ್ರೆ. ನಾವು ಜುಲೈಯಲ್ಲಿ ಪೋರ್ಟ್‌ಲ್ಯಾಂಡ್ ಕಡೆಯಿಂದ ಹೊರಟಾಗ ಅಲ್ಲಿ ಎಸಿ ಇಲ್ಲದೆ ಕೂರಲು ಆಗುತ್ತಿರಲಿಲ್ಲ. ಇಲ್ಲಿ ಬಂದು ಕಾರಿನ ಬಾಗಿಲು ತೆರೆದರೆ ಸ್ವೆಟರ್ ಬೇಕು. ಜುಲೈ ಮಧ್ಯಾಹ್ನದಲ್ಲೂ ಹೆಚ್ಚೆಂದರೆ 18-19 ಡಿಗ್ರಿ. ಬೇಸಿಗೆಯಲ್ಲಿ ಈ ತೀರದ ಉದ್ದಕ್ಕೂ ಬಡಗಣ ಗಾಳಿ ಬೀಸುತ್ತದೆ. ಅದು ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಆ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಮೇಲೆ ಬರುತ್ತದೆ. ಹಾಗಾಗಿ ನಡು ಬೇಸಿಗೆಯಲ್ಲೂ ನೀರು 10-13 ಡಿಗ್ರಿ. ಅದರ ಮೇಲೆ ಬಂದ ಗಾಳಿ ತಣಿದು ಮಂಜಾಗುತ್ತದೆ. ಕೆಲವು ದಿನ ಮಧ್ಯಾಹ್ನದವರೆಗೂ ಸೂರ್ಯನ ಸುದ್ದಿ ಇರುವುದಿಲ್ಲ. ಇಂಥ ಜಾಗದಲ್ಲಿ ಸಂಜೆ ಒದ್ದೆ ಕಾಲುಚೀಲದೊಂದಿಗೆ ಬಂದು ಹೀಟರ್ ಒತ್ತುವುದು ಇದೆಯಲ್ಲ, ಆ ಸುಖಕ್ಕೇ ನಾನು ಒಂದು ಸ್ಟಾರ್ ಕೊಟ್ಟುಬಿಟ್ಟೆ.

ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು ನಾಲ್ಕು ತಾಸಿನ ಡ್ರೈವ್. ಐ-5 ಹೆದ್ದಾರಿ ಬಿಟ್ಟು ಹೆದ್ದಾರಿ 38 ಹಿಡಿಯಿರಿ, ಅಂಪ್ಕ್ವಾ ನದಿಯ ಪಕ್ಕದಲ್ಲೇ ಹೋಗುತ್ತದೆ. ರೀಡ್ಸ್‌ಪೋರ್ಟ್ ತಲುಪುವ ಸ್ವಲ್ಪ ಮೊದಲು ಡೀನ್ ಕ್ರೀಕ್ ಎಂಬಲ್ಲಿ ರಸ್ತೆ ಪಕ್ಕದ ಹುಲ್ಲುಗಾವಲಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಮೇಯುತ್ತಿರುತ್ತದೆ. ಗಾಡಿ ನಿಲ್ಲಿಸಿ ನೋಡಲು ಜಾಗ ಮಾಡಿದ್ದಾರೆ, ದುಡ್ಡು ಕೊಡಬೇಕಿಲ್ಲ.

ಪಾರ್ಕಿನಲ್ಲಿ ಕ್ಯಾಂಪ್ ಜಾಗ ರಸ್ತೆಯ ಒಂದು ಬದಿಗೆ ಮರಗಳ ನಡುವೆ ಇದೆ, ಕಡಲು ಇನ್ನೊಂದು ಬದಿಗೆ. ಯರ್ಟ್ ಬಾಗಿಲಲ್ಲಿ ಕೂತು ಅಲೆ ನೋಡಬಹುದು ಅಂತ ಅಂದುಕೊಂಡು ಬರಬೇಡಿ. ಕೆಲವು ನಿಮಿಷ ನಡೆಯಬೇಕು. ನನಗೇನೂ ಬೇಸರವಾಗಲಿಲ್ಲ, ಯಾಕೆಂದರೆ ಆ ಮರಗಳೇ ಗಾಳಿಯನ್ನು ತಡೆಯುತ್ತವೆ.

ನಡೆದು ಹೋದರೆ ಸಿಗುವ ಆ ಪುಟ್ಟ ಕೊಲ್ಲಿ ಮಾತ್ರ ಬಹಳ ಚೆನ್ನಾಗಿದೆ. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಕಿರಿದಾದ ಬಾಯಿ. ಹೊರಗೆ ಅಲೆ ಎಷ್ಟೇ ಕುಣಿದರೂ ಒಳಗೆ ನೀರು ತಣ್ಣಗೆ ಮಲಗಿರುತ್ತದೆ. ನೀರಿನ ಇಳಿತದ ವೇಳೆ ನೋಡಿಕೊಂಡು ಹೋಗಿ. ಆಗ ಬಂಡೆಗಳ ಮಧ್ಯೆ ನಿಂತ ನೀರಿನಲ್ಲಿ ಕಿತ್ತಳೆ, ನೇರಳೆ ಬಣ್ಣದ ನಕ್ಷತ್ರಮೀನು, ಹೂವಿನ ಹಾಗೆ ಕಾಣುವ ಹಸಿರು ಅನಿಮೋನ್ ಎಂಬ ಜೀವಿ, ಮುಳ್ಳುಮುಳ್ಳಾದ ಕಡಲ ಜೀವಿಗಳು, ಇನ್ನೊಬ್ಬರ ಚಿಪ್ಪಿನಲ್ಲಿ ಬಾಡಿಗೆಗಿರುವ ಏಡಿ, ಎಲ್ಲವೂ ಕಾಣುತ್ತವೆ. ಮುಟ್ಟುವುದಾದರೆ ಒದ್ದೆ ಕೈಯಿಂದ ಮೆಲ್ಲಗೆ, ಕೀಳುವುದಂತೂ ಬೇಡ. ತುಮಕೂರು ಕಡೆಯವರಾದ ಇವರು ಬಂಡೆ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೇ ಅನಿಮೋನ್ ನೋಡುತ್ತಾ ಒಂದು ಗಂಟೆ ಕಳೆದರು. "ನೋಡೇ, ಬಾಯಿ ಮುಚ್ಚಿಕೊಳ್ತು!" ಅಂತ ಕೂಗಿದಾಗ ಸುತ್ತಲಿನವರೆಲ್ಲ ತಿರುಗಿ ನೋಡಿದರು.

ನಾನು ಈ ಬಂಡೆಗಳೂ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಹಾಗೆ ಲಾವಾ ಕಲ್ಲೇ ಇರಬೇಕು ಅಂದೆ. ಅಲ್ಲವಂತೆ. ಒರೆಗಾನ್ ತೀರದ ಉತ್ತರದ ದೊಡ್ಡ ಭೂಶಿರಗಳು ಲಾವಾದವು ನಿಜ, ಆದರೆ ಇಲ್ಲಿಯದು ಮರಳುಗಲ್ಲು. ಪದರ ಪದರವಾಗಿ ಕೂತಿದ್ದ ಕಲ್ಲು ಭೂಮಿಯ ಒತ್ತಡಕ್ಕೆ ವಾಲಿ ನಿಂತಿದೆ. ಮೆತ್ತಗಿನ ಪದರವನ್ನು ಸಮುದ್ರ ತಿಂದಿದೆ, ಗಟ್ಟಿ ಪದರ ಚೂಪಾಗಿ ಉಳಿದಿದೆ. ಈ ತೀರ ಇಷ್ಟು ಒರಟಾಗಿ ಕಾಣುವುದು ಅದಕ್ಕೇ.

ಇಲ್ಲಿಗೆ ಬಂದವರು ಬಿಡಬಾರದ್ದು ಕರಾವಳಿಯ ಕಾಲುದಾರಿ. ಸನ್‌ಸೆಟ್ ಬೇಯಿಂದ ಶೋರ್ ಏಕರ್ಸ್, ಅಲ್ಲಿಂದ ಕೇಪ್ ಅರಾಗೊ. ಪೂರ್ತಿ ನಡೆದರೆ ಒಂದು ಕಡೆಗೆ ಸುಮಾರು 4 ಮೈಲಿ. ಮಳೆ ಬಂದಿದ್ದರೆ ಕೆಸರು, ಬೇರುಗಳ ಮೇಲೆ ಕಾಲು ಜಾರುತ್ತದೆ. ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ಮರಗಳ ಸಂದಿಯಲ್ಲಿ ಒಂದು ಕಡೆ ಕೇಪ್ ಅರಾಗೊ ಲೈಟ್‌ಹೌಸ್ ಕಾಣುತ್ತದೆ. 1934ರಲ್ಲಿ ಕಟ್ಟಿದ್ದು, 2006ರಲ್ಲಿ ದೀಪ ಆರಿಸಿದರು. 2013ರಲ್ಲಿ ಆ ಜಾಗವನ್ನು ಇಲ್ಲಿಯ ಮೂಲನಿವಾಸಿಗಳಾದ ಕೂಸ್, ಲೋವರ್ ಅಂಪ್ಕ್ವಾ ಮತ್ತು ಸೈಯೂಸ್ಲಾ ಜನರ ಒಕ್ಕೂಟಕ್ಕೆ ಹಿಂದಿರುಗಿಸಲಾಯಿತು. ಒಳಗೆ ಹೋಗಲು ಬಿಡುವುದಿಲ್ಲ, ದೂರದಿಂದಲೇ ನೋಡಬೇಕು.

ಶೋರ್ ಏಕರ್ಸ್ ಒಂದು ವಿಚಿತ್ರ ಜಾಗ. ಲೂಯಿ ಸಿಂಪ್ಸನ್ ಎಂಬ ಮರದ ವ್ಯಾಪಾರಿ ಈ ಬಂಡೆಯ ತುದಿಯಲ್ಲಿ ಬಂಗಲೆ ಕಟ್ಟಿಸಿದ್ದ. ಒಳಗೇ ಬಿಸಿನೀರಿನ ಈಜುಕೊಳ ಇತ್ತಂತೆ. ಹೊರಗೆ ಅಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು ಒಳಗೆ ಈಜುಕೊಳ! ಆ ನೀರಿನಲ್ಲಿ ಕಾಲಿಟ್ಟು ನೋಡಿದರೆ ಅವನ ಕಷ್ಟ ಅರ್ಥವಾಗುತ್ತದೆ ಅನ್ನಿ. 1921ರಲ್ಲಿ ಬಂಗಲೆ ಸುಟ್ಟುಹೋಯಿತು. 1942ರಲ್ಲಿ ಸರ್ಕಾರ ಜಾಗ ಕೊಂಡಿತು. ಈಗ ಉಳಿದಿರುವುದು ತೋಟ: ಗುಲಾಬಿ, ಡೇಲಿಯಾ, ಜಪಾನಿ ಶೈಲಿಯ ಕೊಳ. ಚೆನ್ನಾಗಿ ಇಟ್ಟಿದ್ದಾರೆ, ಆದರೆ ನನ್ನ ಮನಸ್ಸು ಹೂವಿನ ಕಡೆ ಹೋಗಲಿಲ್ಲ. ಬಂಗಲೆ ಇದ್ದಲ್ಲಿ ಈಗ ಗಾಜಿನ ಕಿಟಕಿಯ ಒಂದು ಸಣ್ಣ ಕಟ್ಟಡ ಇದೆ. ಗಾಳಿ ತಾಗದ ಹಾಗೆ ನಿಂತು ಅಲೆ ಬಂಡೆಗೆ ಹೊಡೆದು ಮೇಲೇಳುವುದನ್ನು ನೋಡಬಹುದು. ಕೆಳಗಿನ ಕಲ್ಲಿನಲ್ಲಿ ಉಂಡೆ ಉಂಡೆಯಾಗಿ ಗಟ್ಟಿ ಕಲ್ಲುಗಳು ಹೊರಬಂದು ಕೂತಿವೆ, ಅದನ್ನೂ ನೋಡಿ. ಶೋರ್ ಏಕರ್ಸ್‌ಗೆ ಪಾರ್ಕಿಂಗ್ ಶುಲ್ಕ ಇದೆ. ನಾವು ನಡೆದೇ ಹೋದದ್ದರಿಂದ ಆ ಪ್ರಶ್ನೆಯೇ ಬರಲಿಲ್ಲ.

ಅಲ್ಲಿಂದ ಮುಂದೆ ಹೋಗುತ್ತಿದ್ದಂತೆ ನಾಯಿಗಳ ಜಾತ್ರೆ ನಡೆಯುತ್ತಿದೆಯೇನೋ ಅನ್ನುವಷ್ಟು ಬೊಗಳಾಟ ಕೇಳುತ್ತದೆ. ಅದು ಸಿಂಪ್ಸನ್ ರೀಫ್. ಎದುರಿನ ಶೆಲ್ ಐಲ್ಯಾಂಡ್ ಮೇಲೆ ಕಡಲಸಿಂಹಗಳು ರಾಶಿ ಬಿದ್ದಿರುತ್ತವೆ. ಸೀಲ್‌ಗಳೂ ಇವೆ, ಕೆಲವೊಮ್ಮೆ ದೊಡ್ಡ ಎಲಿಫೆಂಟ್ ಸೀಲ್ ಕೂಡ. ದುರ್ಬೀನು ಮರೆಯದೆ ತನ್ನಿ. ಕೇಪ್ ಅರಾಗೊದ ಉತ್ತರ ಕೊಲ್ಲಿಗೆ ಇಳಿಯುವ ದಾರಿಯನ್ನು ಮಾರ್ಚ್ 1ರಿಂದ ಜೂನ್ 30ರವರೆಗೆ ಮುಚ್ಚುತ್ತಾರೆ. ಸೀಲ್ ಮರಿ ಹಾಕುವ ಕಾಲ ಅದು.

ಒಂದು ಎಚ್ಚರಿಕೆ. ಈ ತೀರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಸಣ್ಣ ಅಲೆಗಳ ಮಧ್ಯೆ ಇದ್ದಕ್ಕಿದ್ದಂತೆ ದೊಡ್ಡದೊಂದು ಬಂದುಬಿಡುತ್ತದೆ. ದಡದಲ್ಲಿ ಬಿದ್ದಿರುವ ದೊಡ್ಡ ಮರದ ದಿಮ್ಮಿಗಳ ಮೇಲೂ ಹತ್ತಬೇಡಿ, ಸ್ವಲ್ಪ ನೀರು ಬಂದರೂ ಅವು ಉರುಳುತ್ತವೆ. ಈಜು ಬಲ್ಲವರಿಗೂ ಅಷ್ಟು ತಣ್ಣಗಿನ ನೀರಿನಲ್ಲಿ ಕೈಕಾಲು ಆಡುವುದಿಲ್ಲ.

ಇನ್ನು ಊಟದ ವಿಷಯ. ಯರ್ಟ್ ಒಳಗೆ ಅಡುಗೆ ಮಾಡುವ ಹಾಗಿಲ್ಲ. ಹೊರಗೆ ಮೇಜು-ಬೆಂಚು, ಬೆಂಕಿ ಹಾಕಲು ಕಬ್ಬಿಣದ ಬಳೆ ಇದೆ. ಸೌದೆ ಅಲ್ಲೇ ಮಾರುತ್ತಾರೆ. ಮರಕ್ಕೆ ಹತ್ತುವ ಹುಳ ಬರುತ್ತದೆ ಅಂತ ಹೊರಗಿನ ಸೌದೆ ತರಬೇಡಿ ಅನ್ನುತ್ತಾರೆ. ನಾವು ಗ್ಯಾಸ್ ಸ್ಟೌವ್ ಒಯ್ದಿದ್ದೆವು. ನಾನು ಮೀನು ತಿನ್ನುವವಳು, ಇವರು ಮೊಟ್ಟೆಯನ್ನೂ ಮುಟ್ಟದವರು. ಕಡಲ ತೀರದ ಹೋಟೆಲ್‌ಗಳಲ್ಲಿ ಇವರ ಪಾಡು ಕೇಳಬೇಡಿ. ದಾರಿಯಲ್ಲಿ ಒಂದು ಕಡೆ, ಹೆಸರು ಬೇಡ, ಸಸ್ಯಾಹಾರಿಗೆ ಏನಿದೆ ಅಂದರೆ ಬ್ರೆಡ್ಡಿನ ಮಧ್ಯೆ ಚೀಸ್ ಕರಗಿಸಿ ತಂದಿಟ್ಟು ನಾಲ್ಕು ಆಲೂ ಚಿಪ್ಸ್ ಎಸೆದರು. ಬಿಲ್ ಮಾತ್ರ ಮೀನಿನದ್ದೇ.

ಅದರ ಮುಂದೆ ನಮ್ಮ ಮೇಜಿನ ಅಡುಗೆ ಹಬ್ಬ. ಹತ್ತಿರದ ಚಾರ್ಲ್ಸ್‌ಟನ್ ಮೀನುಗಾರಿಕೆ ಬಂದರಿನಿಂದ ಬೇಯಿಸಿದ ಡಂಜನೆಸ್ ಏಡಿ ತಂದೆ. ಇಲ್ಲಿ ಗಾಳ, ಬುಟ್ಟಿ ಹಾಕಿ ಹಿಡಿಯುವವರೂ ಗಂಡು ಏಡಿಯನ್ನು ಮಾತ್ರ, ಅದೂ ಚಿಪ್ಪು 5¾ ಇಂಚಿಗೆ ಕಡಿಮೆ ಇಲ್ಲದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಮನೆಯಿಂದ ಒಯ್ದ ಮಸಾಲೆ ಪುಡಿ, ಒಣ ಕೊಬ್ಬರಿ ತುರಿ, ಒಗ್ಗರಣೆಗೆ ಬೆಳ್ಳುಳ್ಳಿ. ಸುಕ್ಕ ಅಂತ ಕರೆಯಲು ಅಮ್ಮ ಒಪ್ಪಲಿಕ್ಕಿಲ್ಲ, ಆದರೂ ರುಚಿಗೆ ಮೋಸವಿರಲಿಲ್ಲ. ಇವರಿಗೆ ಬೇರೆ ಪಾತ್ರೆಯಲ್ಲಿ ಚಿತ್ರಾನ್ನ. ಚಿಪ್ಪುಗಳನ್ನು ತಕ್ಷಣ ಮುಚ್ಚಳದ ಕಸದ ತೊಟ್ಟಿಗೆ ಹಾಕಿ, ಇಲ್ಲದಿದ್ದರೆ ರಕೂನ್ ಎಂಬ ಕಳ್ಳ ಪ್ರಾಣಿ ಮನೆಮಂದಿ ಸಮೇತ ಬರುತ್ತದೆ. ನಮ್ಮಲ್ಲಿಗೂ ಬಂದಿತ್ತು. ಸಿಕ್ಕಿದ್ದು ಚಿತ್ರಾನ್ನ, ಮೂಸಿ ಬಿಟ್ಟು ಹೋಯಿತು. ಇವರಿಗೆ ಇನ್ನೂ ಆ ಸಿಟ್ಟಿದೆ.

ಕೊರತೆಗಳೂ ಇವೆ. ಒಳಗೆ ನೀರಿಲ್ಲ, ಶೌಚಾಲಯ ಇಲ್ಲ. ಸಾಮೂಹಿಕ ಕಟ್ಟಡಕ್ಕೆ ನಡೆದು ಹೋಗಬೇಕು. ಅಲ್ಲಿ ಬಿಸಿನೀರಿನ ಸ್ನಾನ ಇದೆ, ಅದು ದೊಡ್ಡ ಸಮಾಧಾನ. ಆದರೂ ನಡುರಾತ್ರಿ ಟಾರ್ಚ್ ಹಿಡಿದು ಮಂಜಿನಲ್ಲಿ ಹೊರಡುವುದು ಸುಮ್ನೆ ಅಲ್ಲ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆತರುವವರು ಇದನ್ನು ಯೋಚಿಸಿ. ಹಾಸಿಗೆಗೆ ಪ್ಲಾಸ್ಟಿಕ್ ಥರದ ಹೊದಿಕೆ, ಮಗ್ಗುಲು ಬದಲಿಸಿದರೆ ಸದ್ದು. ಹೊದಿಕೆ, ದಿಂಬು, ಬೆಡ್‌ಶೀಟ್ ಎಲ್ಲ ನೀವೇ ತರಬೇಕು. ನಾನು ದಪ್ಪ ಜಮಖಾನ ಕೆಳಗೆ ಹಾಸಿದೆ, ಸದ್ದು ನಿಂತಿತು. ಬಟ್ಟೆ ಗೋಡೆಯಾದ್ದರಿಂದ ಪಕ್ಕದವರ ಮಾತೆಲ್ಲ ಕೇಳುತ್ತದೆ. ರಾತ್ರಿ 10ರ ಮೇಲೆ ಗಲಾಟೆ ಮಾಡಬಾರದೆಂಬ ನಿಯಮವೇನೋ ಇದೆ. ಗೊರಕೆಗೆ ನಿಯಮ ಎಲ್ಲಿಂದ ತರುವುದು?

ಬುಕಿಂಗ್ ಆರು ತಿಂಗಳ ಮೊದಲೇ ತೆರೆಯುತ್ತದೆ. ಬೇಸಿಗೆಯ ವಾರಾಂತ್ಯ ಬೇಕಿದ್ದರೆ ಆ ದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಮುಂದೆ ಕೂರಬೇಕು, ತತ್ಕಾಲ್ ಟಿಕೆಟ್ ಮಾಡಿದವರಿಗೆ ಅಭ್ಯಾಸ ಇರುತ್ತದೆ. ವಾರದ ನಡುವೆ ರಜೆ ಹಾಕಲು ಸಾಧ್ಯವಾದರೆ ಸುಲಭ. ಕಡಲ ಪಕ್ಕದ ಮೋಟೆಲ್‌ಗೆ ಬೇಸಿಗೆಯಲ್ಲಿ ಕೇಳುವ ದರದ ಅರ್ಧವೂ ನಮಗೆ ಬೀಳಲಿಲ್ಲ. ಇನ್ನೊಂದು ವಿಷಯ, ಕಡಲು ನೋಡಲು ದುಬಾರಿ ರೆಸಾರ್ಟ್‌ನಲ್ಲೇ ಇರಬೇಕೆಂದಿಲ್ಲ. 1967ರ ಕಾನೂನಿನ ಪ್ರಕಾರ ಒರೆಗಾನ್‌ನ ಮರಳು ದಡವೆಲ್ಲ ಸಾರ್ವಜನಿಕರ ಬಳಕೆಗೆ ಮುಕ್ತ. ಯಾರೂ ಬೇಲಿ ಹಾಕುವಂತಿಲ್ಲ.

ಸ್ಟಾರ್ ಕೇಳಿದರೆ ನನ್ನದು ಐದಕ್ಕೆ ನಾಲ್ಕು, ಕಳೆದ ಒಂದು ಆ ನಡುರಾತ್ರಿಯ ನಡಿಗೆಗೆ. ಇವರದು ಮೂರೂವರೆ, "ಹೀಟರ್ ಇದ್ದರೆ ಅದೆಂಥ ಕ್ಯಾಂಪಿಂಗ್" ಅಂತೆ. ಹಾಗೆ ಅಂದವರೇ ರಾತ್ರಿ ಎದ್ದು ಅದನ್ನು ಎರಡು ಡಿಗ್ರಿ ಏರಿಸಿ ಮಲಗಿದ್ದನ್ನು ನಾನು ನೋಡಿದ್ದೇನೆ. ಚಳಿಗಾಲದ ಬಿರುಗಾಳಿಯಲ್ಲಿ ಶೋರ್ ಏಕರ್ಸ್‌ನ ಅಲೆ ಬಂಡೆಗಿಂತ ಎಷ್ಟೋ ಎತ್ತರಕ್ಕೆ ಚಿಮ್ಮುತ್ತದೆ. ಅದನ್ನು ನೋಡಲು ನವೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇವೆ. ಆ ಸಮಯದಲ್ಲಿ ಯರ್ಟ್ ಸಿಗುವುದು ಸುಲಭ, ವಾರದ ಮಧ್ಯೆಯಂತೂ ಬೇಕಾದ್ದನ್ನೇ ಆರಿಸಿಕೊಳ್ಳಬಹುದು. ನೀವೂ ಆಗಲೇ ಹೋಗುವುದಾದರೆ ಒಳ್ಳೆಯ ರೇನ್‌ಕೋಟ್ ತನ್ನಿ, ಛತ್ರಿ ಮನೆಯಲ್ಲೇ ಇರಲಿ. ಅಲ್ಲಿಯ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಶೌಚಾಲಯದ ಕಟ್ಟಡಕ್ಕೆ ಹತ್ತಿರದ ಯರ್ಟ್ ಯಾವುದು ಅಂತ ಬುಕಿಂಗ್ ಪುಟದ ನಕ್ಷೆಯಲ್ಲೇ ಕಾಣುತ್ತದೆ, ನಾನು ಈ ಸಲ ಅದನ್ನೇ ಹಿಡಿದಿದ್ದೇನೆ.