ಡಿಸ್ಕ್ ನೋಡಲು ಗೇಮ್ ಕನ್ಸೋಲ್ ಒಂದೇ ಸಾಕೇ? ಬಳ್ಳಾರಿಯ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಬಳಕೆ

2021ರ ಕೊನೆಯಲ್ಲಿ ಪ್ಲೇಸ್ಟೇಷನ್ 5 ಕೊಳ್ಳುವಾಗ ನಾನು ಮನೆಯವರಿಗೆ ಕೊಟ್ಟ ಸಮಜಾಯಿಷಿ ಒಂದೇ: ಇದು ಬರೀ ಆಟದ ಪೆಟ್ಟಿಗೆಯಲ್ಲ, ಮನೆಯಲ್ಲಿರುವ ಡಿಸ್ಕ್‌ಗಳನ್ನೆಲ್ಲ ಇದರಲ್ಲೇ ಹಾಕಬಹುದು, ಕೆಟ್ಟು ಕೂತಿರುವ ಡಿವಿಡಿ ಪ್ಲೇಯರಿನ ಬದಲಿಗೆ ಇನ್ನೊಂದು ತರುವ ಖರ್ಚು ಉಳಿಯುತ್ತದೆ. ಡಿಸ್ಕ್ ಡ್ರೈವ್ ಇರುವ ಮಾದರಿಗೆ ಆಗ 49,990 ರೂಪಾಯಿ, ಡ್ರೈವ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ ಇತ್ತು. ಹತ್ತು ಸಾವಿರ ಹೆಚ್ಚಿಗೆ ಕೊಟ್ಟದ್ದು ಡಿಸ್ಕಿನ ಆಸೆಗೇ. ಆದರೆ ವರ್ಷ ತುಂಬುವಷ್ಟರಲ್ಲಿ ಅದರ ಪಕ್ಕದಲ್ಲಿ ಆರೂವರೆ ಸಾವಿರದ ಒಂದು ಸಾಧಾರಣ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್) ಪ್ಲೇಯರ್ ಬಂದು ಕೂತಿತು. ಈಗ ಎರಡೂ ಇವೆ, ಮತ್ತು ದಿನಕ್ಕೊಮ್ಮೆಯಾದರೂ ಚಾಲೂ ಆಗುವುದು ಆ ಅಗ್ಗದ್ದೇ.

ಕನ್ಸೋಲ್ ಕೊಂಡರೆ ಪ್ಲೇಯರ್ ಬೇಡ ಎಂಬ ಮಾತು ಸುಳ್ಳಿನಿಂದ ಹುಟ್ಟಿದ್ದೇನೂ ಅಲ್ಲ. 2006ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೊದಲ ಬ್ಲೂ-ರೇ ಪ್ಲೇಯರಿನ ಬೆಲೆ ಸುಮಾರು 1,000 ಡಾಲರ್ ಇದ್ದಾಗ, ಅದೇ ವರ್ಷ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಅದೇ ಡಿಸ್ಕ್ ಓದುವ ಸೌಲಭ್ಯದೊಂದಿಗೆ 499 ಡಾಲರಿನಿಂದ ಸಿಗತೊಡಗಿತು. ಆಟವಾಡದವರು ಕೂಡ ಸಿನಿಮಾಗಾಗಿ ಅದನ್ನು ಕೊಂಡರು. ಇಂದು ಲೆಕ್ಕ ತಿರುಗಿ ನಿಂತಿದೆ: ಸಾಧಾರಣ ಪ್ಲೇಯರಿನ ಬೆಲೆ ಕನ್ಸೋಲಿನ ಬೆಲೆಯ ಏಳನೆಯ ಒಂದು ಭಾಗವಷ್ಟೂ ಇಲ್ಲ. ಮಾತು ಮಾತ್ರ ಹಳೆಯದೇ ಚಾಲ್ತಿಯಲ್ಲಿದೆ.

ಆಯ್ಕೆಯನ್ನು ನಿರ್ಧರಿಸಿದ್ದು ಚಿತ್ರದ ಗುಣಮಟ್ಟವಲ್ಲ, ಅಪ್ಪನ ಬೂಟಿನ ಡಬ್ಬಗಳು. ಅಂಥ ಮೂರು ಡಬ್ಬಗಳಲ್ಲಿ ಅವರು ಇಪ್ಪತ್ತು ವರ್ಷ ಕೂಡಿಟ್ಟದ್ದು ಇದೆ: ವಿಜಯದಾಸರ, ಮಾನ್ವಿಯ ಜಗನ್ನಾಥದಾಸರ ಪದಗಳ ಆಡಿಯೊ ಸಿಡಿಗಳು, ವಚನಗಾಯನದ ಸಿಡಿಗಳು, ಅಂಗಡಿಯವರು ಎಂಪಿ3 ತುಂಬಿಸಿ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಭಕ್ತಿಗೀತೆ 150’ ಎಂದು ಬರೆದುಕೊಟ್ಟ ಡಿಸ್ಕ್‌ಗಳು, 2004ರಲ್ಲಾದ ಅಕ್ಕನ ಮದುವೆಯ ಎರಡು ವಿಸಿಡಿಗಳು (ವಿಡಿಯೊ ತುಂಬಿದ ಸಿಡಿ), ಊರಿನ ಬಯಲಾಟವನ್ನು ರಾತ್ರಿಯಿಡೀ ಚಿತ್ರಿಸಿದ ನಾಲ್ಕು ಡಿವಿಡಿಗಳು. ನನ್ನವು ಹನ್ನೆರಡು ಬ್ಲೂ-ರೇ ಮತ್ತು ಅದಕ್ಕಿಂತ ಸ್ಪಷ್ಟ ಚಿತ್ರದ ಏಳು ಫೋರ್-ಕೆ ಡಿಸ್ಕ್‌ಗಳು, ಅಷ್ಟೆ.

ಕನ್ಸೋಲ್ ಮನೆಗೆ ಬಂದ ಮರುದಿನ ಅಪ್ಪ ದಾಸರ ಪದದ ಸಿಡಿಯನ್ನು ಕೊಟ್ಟು ಹಚ್ಚಲು ಹೇಳಿದರು. ಡಿಸ್ಕ್ ಒಳಗೆ ಹೋಯಿತು, ಒಂದೆರಡು ಸಲ ಗರಗರ ಸದ್ದಾಯಿತು, ಡಿಸ್ಕ್ ಗುರುತು ಸಿಗುತ್ತಿಲ್ಲ ಎಂಬರ್ಥದ ಸೂಚನೆ ಬಂದಿತು. ನಾನು ಒರೆಸಿ ಮತ್ತೆ ಹಾಕಿದೆ. ಆಮೇಲೆ ತಿಳಿದದ್ದು, ಪ್ಲೇಸ್ಟೇಷನ್ 4 ಆಗಲಿ 5 ಆಗಲಿ ಆಡಿಯೊ ಸಿಡಿಯನ್ನು ಓದುವುದೇ ಇಲ್ಲ ಎಂದು. ಮೂರು ಬಗೆಯ ಡಿಸ್ಕ್‌ಗಳೂ ನೋಡಲು ಒಂದೇ ಅಳತೆಯ ತಟ್ಟೆಗಳಾದರೂ, ಸಿಡಿಯನ್ನು 780 ನ್ಯಾನೊಮೀಟರ್ ಅಲೆಯುದ್ದದ ಲೇಸರ್ ಕಿರಣದಿಂದಲೂ ಡಿವಿಡಿಯನ್ನು 650ರ ಕೆಂಪು ಕಿರಣದಿಂದಲೂ ಬ್ಲೂ-ರೇಯನ್ನು 405ರ ನೇರಳೆ ಕಿರಣದಿಂದಲೂ ಓದಬೇಕಾಗುತ್ತದೆ. ಹೆಚ್ಚು ತುಂಬುವ ಡಿಸ್ಕ್ ಓದುವ ಯಂತ್ರಕ್ಕೆ ಕಡಿಮೆ ತುಂಬುವುದು ತಾನಾಗಿಯೇ ಬರುತ್ತದೆ ಎಂಬ ನಮ್ಮ ನಂಬಿಕೆಗೆ ಆಧಾರವಿಲ್ಲ. ಮದುವೆಯ ವಿಸಿಡಿಗಳೂ ಓಡಲಿಲ್ಲ. ಬಯಲಾಟದ ಡಿವಿಡಿಗಳು ಮಾತ್ರ ಓಡಿದವು, ಅದೂ ನಾಲ್ಕರಲ್ಲಿ ಮೂರು. ನಾಲ್ಕನೆಯದರ ಬಣ್ಣದ ಪದರವೇ ಮಾಸಿ ಹೋಗಿತ್ತು, ಅದಕ್ಕೆ ಯಂತ್ರವನ್ನು ದೂರುವಂತಿಲ್ಲ.

ಇವನ್ನೆಲ್ಲ ಕಂಪ್ಯೂಟರಿನಲ್ಲಿ ಎಂಪಿ3 ಮಾಡಿ ಪೆನ್ ಡ್ರೈವಿಗೆ ಹಾಕಿಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಿಕೊಟ್ಟೆ. ಅಪ್ಪ ಒಂದು ವಾರ ಬಳಸಿ ಪೆನ್ ಡ್ರೈವನ್ನು ಅದೇ ಬೂಟಿನ ಡಬ್ಬದಲ್ಲಿಟ್ಟರು. ಹೊದಿಕೆಯ ಮೇಲಿನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿ, ಬೇಕಾದ ಡಿಸ್ಕ್ ಆರಿಸಿ ಹಾಕುವುದೇ ಅವರಿಗೆ ಹಾಡು ಕೇಳುವುದರ ಅರ್ಧ ಭಾಗ.

ಎರಡನೆಯ ತೊಡಕು ಆಟದ ಹಿಡಿಕೆ, ಅಂದರೆ ಕಂಟ್ರೋಲರ್. ಆಟಕ್ಕೆ ಅದು ಅತ್ಯುತ್ತಮ, ಸಿನಿಮಾಕ್ಕೆ ಅಲ್ಲ. ಅದರ ಮುಂಭಾಗದ ಕೆಳಗಿನ ಎರಡು ಗುಂಡಿಗಳು ಡಿಸ್ಕ್ ಓಡುವಾಗ ಮುಂದಕ್ಕೂ ಹಿಂದಕ್ಕೂ ಓಡಿಸುವ ಕೆಲಸ ಮಾಡುತ್ತವೆ. ಹಿಡಿಕೆಯನ್ನು ಸೋಫಾದ ಮೇಲೆ ಇಟ್ಟರೆ ಅದರ ಭಾರಕ್ಕೆ ಆ ಗುಂಡಿಯೇ ಒತ್ತಿಕೊಂಡು, ಅಕ್ಕನ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದ ದೃಶ್ಯ ದಡಬಡ ಓಡಿಬಿಡುತ್ತದೆ. ಇದು ನಮ್ಮಲ್ಲಿ ಎಷ್ಟು ಸಲ ಆಯಿತೆಂದರೆ, ಕೊನೆಗೆ ಅದನ್ನು ಬೋರಲು ಇಡುವುದು ಮನೆಯ ನಿಯಮವಾಯಿತು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಅದು ತಾನೇ ಆರಿಹೋಗುತ್ತದೆ. ನಿಲ್ಲಿಸಬೇಕಾದಾಗ ಮೊದಲು ಎಬ್ಬಿಸಬೇಕು, ಆಮೇಲೆ ಒತ್ತಬೇಕು. ಅಮ್ಮ ಎರಡು ಸಲ ಪ್ರಯತ್ನಿಸಿ, “ಹಾಡು ಹಚ್ಚಾಕೆ ಆಟದ ಗುಂಡಿ ಯಾಕ್ ಒತ್ಬೇಕಪ್ಪಾ?” ಎಂದು ಕೇಳಿ ಕೈಬಿಟ್ಟರು. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಪರಿಹಾರವಿದೆ: ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ತಂತಿ) ಸಾಧನಗಳ ಜೋಡಣೆಯನ್ನು ಸೆಟ್ಟಿಂಗ್ಸಿನಲ್ಲಿ ಚಾಲೂ ಮಾಡಿದರೆ ಟಿವಿಯ ರಿಮೋಟೇ ಕನ್ಸೋಲನ್ನು ಒಂದು ಮಟ್ಟಿಗೆ ನಡೆಸುತ್ತದೆ, ಕಂಪನಿಯು ಬೇರೆಯಾಗಿ ಮಾರುವ ಮೀಡಿಯಾ ರಿಮೋಟ್ ಕೂಡ ಇದೆ. ಆದರೆ ಡಿಸ್ಕಿನವರೆಗೆ ತಲುಪಲು ಆಟಗಳ ಚಿತ್ರಗಳ ಸಾಲನ್ನು ದಾಟಿಯೇ ಹೋಗಬೇಕು.

ಇನ್ನು ನಮ್ಮ ಊರಿನ ಸಂಗತಿ. ಅದಿರಿನ ಲಾರಿಗಳು ಓಡಾಡುವ ರಸ್ತೆಯಿಂದ ನಮ್ಮ ಮನೆ ದೂರವೇನಿಲ್ಲ. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಕನ್ಸೋಲನ್ನು ನಾನು ಟಿವಿ ಕೆಳಗಿನ ಬಾಗಿಲಿರುವ ಕಪಾಟಿನಲ್ಲಿ ಇಟ್ಟಿದ್ದೆ, ಧೂಳು ಬೀಳಬಾರದೆಂದು. ಅದು ಪೂರ್ತಿ ನನ್ನದೇ ತಪ್ಪು. ಒಳಗೆ ಗಾಳಿಯೂ ಆಡಲಿಲ್ಲ, ಧೂಳೂ ನಿಲ್ಲಲಿಲ್ಲ. 2022ರ ಮೇ ತಿಂಗಳಲ್ಲಿ, ಹೊರಗೆ ನಲವತ್ತು ದಾಟಿದ ಒಂದು ಮಧ್ಯಾಹ್ನ, ಸಿನಿಮಾ ಅರ್ಧಕ್ಕೆ ನಿಂತು ‘ಯಂತ್ರ ತೀರಾ ಬಿಸಿಯಾಗಿದೆ’ ಎಂಬ ಸೂಚನೆ ಬಂದಿತು. ಆರಿಸಿ, ತಣ್ಣಗಾದ ಮೇಲೆ ಪಕ್ಕದ ಬಿಳಿಯ ಹಲಗೆಗಳನ್ನು ತೆಗೆದು ನೋಡಿದೆ. 120 ಮಿಲಿಮೀಟರಿನ ಆ ದೊಡ್ಡ ಫ್ಯಾನಿನ ಪ್ರತಿ ಎಸಳಿನ ಅಂಚಿಗೂ ಕುಂಕುಮದ ಗೆರೆ ಎಳೆದಂತೆ ಕೆಂಪು ಧೂಳು ಹತ್ತಿತ್ತು. ಆ ಹಲಗೆಗಳ ಹಿಂದೆ ಧೂಳು ಕೂಡಿಬೀಳಲೆಂದೇ ಮಾಡಿದ ಎರಡು ರಂಧ್ರಗಳಿವೆ, ಅಲ್ಲಿಂದ ವ್ಯಾಕ್ಯೂಮ್ ಹಾಕಿ ಎಳೆಯಬೇಕು; ಎಳೆದಾಗ ಬಂದ ಧೂಳು ಕಾಗದದ ಮೇಲೆ ಒಂದು ಚಮಚದಷ್ಟಾಯಿತು. ಈಗ ಅದನ್ನು ತೆರೆದ ಹಲಗೆಯ ಮೇಲೆ ಇಟ್ಟಿದ್ದೇನೆ, ಎರಡು ತಿಂಗಳಿಗೊಮ್ಮೆ ಸ್ವಚ್ಛ ಮಾಡುತ್ತೇನೆ, ಆ ಸೂಚನೆ ಮತ್ತೆ ಬಂದಿಲ್ಲ. ಪ್ಲೇಯರಿಗೆ ಫ್ಯಾನೇ ಇಲ್ಲ. ಗಾಳಿಯನ್ನು ಒಳಗೆಳೆದುಕೊಳ್ಳದ ಯಂತ್ರ ಧೂಳನ್ನೂ ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಮೂರು ಬೇಸಿಗೆ ಕಳೆದರೂ ಅದಕ್ಕೆ ಮೇಲೊಂದು ಬಟ್ಟೆ ಹೊದಿಸುವುದನ್ನು ಬಿಟ್ಟರೆ ಬೇರೆ ಉಪಚಾರ ಮಾಡಿಲ್ಲ.

ಕರೆಂಟಿನ ವಿಷಯದಲ್ಲಿ ಜನ ಬೇಡದ ಲೆಕ್ಕವನ್ನೇ ಹೆಚ್ಚು ಹಾಕುತ್ತಾರೆ. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನಾನು ನೋಡಿದಂತೆ ಡಿಸ್ಕ್ ಓಡಿಸುವಾಗ ಕನ್ಸೋಲ್ ಅರವತ್ತು, ಎಪ್ಪತ್ತು ವಾಟ್ ಎಳೆದರೆ ಪ್ಲೇಯರ್ ಹನ್ನೆರಡು ವಾಟ್ ಸುತ್ತ ಇರುತ್ತದೆ. ಎರಡೂವರೆ ಗಂಟೆಯ ಏಳೆಂಟು ಸಿನಿಮಾ ನೋಡಿದರೆ ಒಂದು ಯೂನಿಟ್ ವ್ಯತ್ಯಾಸ, ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕರೆಂಟ್ ಹೋಗಿ ಇನ್ವರ್ಟರಿನ ಮೇಲೆ ಬಂದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ನಮ್ಮ ಹಳೆಯ ಇನ್ವರ್ಟರ್ ಕರೆಂಟ್ ಬದಲಿಸುವ ಕ್ಷಣದಲ್ಲಿ ಕನ್ಸೋಲ್ ಆರಿಹೋಗುತ್ತಿತ್ತು, ಮತ್ತೆ ಹಚ್ಚಿದಾಗ ಸರಿಯಾಗಿ ಆರಿಸಿಲ್ಲವೆಂದು ಹೇಳಿ ತನ್ನ ಸಂಗ್ರಹವನ್ನು ಪರೀಕ್ಷಿಸಿಕೊಳ್ಳುತ್ತ ಕೂರುತ್ತಿತ್ತು. ಇನ್ವರ್ಟರಿನ ಹಿಂದಿರುವ ಗುಂಡಿಯನ್ನು ಕರೆಂಟ್ ಬೇಗ ಬದಲಿಸುವ ಯುಪಿಎಸ್ ಸ್ಥಾನಕ್ಕೆ ಹಾಕಿದ ಮೇಲೆ ಅದು ನಿಂತಿತು. ಪ್ಲೇಯರ್ ಆರಿದರೂ ಅದರಲ್ಲಿ ಹಾಳಾಗುವಂಥದ್ದೇನಿಲ್ಲ, ಹಚ್ಚಿದರೆ ಮತ್ತೆ ಹತ್ತುತ್ತದೆ.

ಧ್ವನಿಯ ಬಗ್ಗೆ ಒಂದು ಮಾತು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಪ್ಲೇಸ್ಟೇಷನ್ 5ರ ಹಿಂಭಾಗದಲ್ಲಿ ಬೆಳಕಿನ ತಂತಿ ಜೋಡಿಸುವ ಆಪ್ಟಿಕಲ್ ಕಿಂಡಿಯಾಗಲಿ ಕೆಂಪು-ಬಿಳಿಯ ಪಿನ್ನುಗಳಾಗಲಿ ಇಲ್ಲ, ಧ್ವನಿ ಎಚ್‌ಡಿಎಂಐ ಮೂಲಕವೇ ಹೊರಬರಬೇಕು. ಹೊಸ ಸೌಂಡ್‌ಬಾರ್ ಇರುವವರಿಗೆ ಇದು ತೊಂದರೆಯೇ ಅಲ್ಲ. ನಮ್ಮದು ಎಚ್‌ಡಿಎಂಐ ಕಾಣದ ಕಾಲದ ಆಂಪ್ಲಿಫೈಯರ್. ಪ್ಲೇಯರಿನಲ್ಲಿರುವ, ಡಿಜಿಟಲ್ ಧ್ವನಿ ಹೊರಕೊಡುವ ಕೊಆಕ್ಸಿಯಲ್ ಪಿನ್ನಿನಿಂದ ಒಂದೇ ತಂತಿ ಎಳೆದೆ. ಈಗ ಅಪ್ಪ ಬೆಳಿಗ್ಗೆ ಟಿವಿ ಹಚ್ಚದೆಯೇ ಸಿಡಿ ಕೇಳುತ್ತಾರೆ. ದೂರು ಇಲ್ಲದಿಲ್ಲ: ಖರ್ಚು ಉಳಿಸಲು ಈ ಪ್ಲೇಯರಿನ ಮುಂಭಾಗದಲ್ಲಿ ಅಂಕಿ ತೋರಿಸುವ ಪಟ್ಟಿಯನ್ನೇ ಇಟ್ಟಿಲ್ಲ, ಎಷ್ಟನೆಯ ಹಾಡು ಎಂಬುದನ್ನು ಅವರು ಬೆರಳು ಮಡಚಿಯೇ ಎಣಿಸಬೇಕು. ಅದರ ರಿಮೋಟ್ ಕೂಡ ತೀರಾ ಹಗುರ, ಗುಂಡಿಗಳ ಮೇಲಿನ ಅಕ್ಷರ ಎರಡೇ ವರ್ಷಕ್ಕೆ ಅಳಿಸಿತು.

ಚಿತ್ರದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದೇ ಬ್ಲೂ-ರೇ ಡಿಸ್ಕನ್ನು ಎರಡರಲ್ಲೂ ಹಾಕಿ, ಯಾವುದು ಎಂದು ಹೇಳದೆ ಅಕ್ಕನಿಗೂ ಭಾವನಿಗೂ ತೋರಿಸಿದೆ. ಇಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ, ನನಗೂ ತಿಳಿಯುವುದಿಲ್ಲ. ಫೋರ್-ಕೆ ಡಿಸ್ಕ್ ಮಾತ್ರ ನನ್ನ ಪ್ಲೇಯರಿನಲ್ಲಿ ಓಡುವುದಿಲ್ಲ, ಅಲ್ಲಿ ಕನ್ಸೋಲೇ ಗತಿ, ಮತ್ತು ಅದು ಚೆನ್ನಾಗಿಯೇ ತೋರಿಸುತ್ತದೆ. ಡಾಲ್ಬಿ ವಿಷನ್ (ದೃಶ್ಯಕ್ಕೆ ತಕ್ಕಂತೆ ಬೆಳಕು, ಬಣ್ಣ ಹೊಂದಿಸುವ ತಂತ್ರ) ಇರುವ ಟಿವಿಯವರು ಇಲ್ಲಿ ಎಚ್ಚರ ವಹಿಸಬೇಕು: ಪ್ಲೇಸ್ಟೇಷನ್ 5 ಅದಕ್ಕಿಂತ ಸರಳವಾದ ಎಚ್‌ಡಿಆರ್10 ಅಷ್ಟನ್ನೇ ಕೊಡುತ್ತದೆ, ಮೈಕ್ರೋಸಾಫ್ಟ್ ಕಂಪನಿಯ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಡಿಸ್ಕಿನಲ್ಲಿರುವ ಡಾಲ್ಬಿ ವಿಷನ್ ತೋರಿಸುವುದಿಲ್ಲ, ಅದಕ್ಕೆ ಸೋನಿ ಎಕ್ಸ್700, ಪ್ಯಾನಾಸೋನಿಕ್ ಯುಬಿ820ರಂಥ ಫೋರ್-ಕೆ ಪ್ಲೇಯರೇ ಬೇಕು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟ ಎರಡು ಬ್ಲೂ-ರೇಗಳು ಎರಡೂ ಯಂತ್ರಗಳಲ್ಲಿ ಓಡಲಿಲ್ಲ, ಏಕೆಂದರೆ ಯಾವ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂದು ಗೊತ್ತುಮಾಡಿದ ವಲಯಗಳಲ್ಲಿ ಅಲ್ಲಿಯದು ಎ, ನಮ್ಮದು ಸಿ. ಫೋರ್-ಕೆ ಡಿಸ್ಕಿಗೆ ವಲಯದ ಕಟ್ಟುಪಾಡು ಇಲ್ಲ, ಆದ್ದರಿಂದ ಮುಂದಿನ ಸಲ ಅದನ್ನೇ ತರಲು ಹೇಳಿದೆ.

ಮನೆಯಲ್ಲಿ ಸಿಡಿ, ವಿಸಿಡಿಗಳ ಗಂಟೇ ಇಲ್ಲದವರು, ಆಟವನ್ನೂ ಆಡುವವರು ಕನ್ಸೋಲ್ ಒಂದನ್ನೇ ಕೊಂಡರೆ ಸಾಕು ಎಂಬುದೇ ನನ್ನ ಅಭಿಪ್ರಾಯ. ಆಟದ ಡಿಸ್ಕ್‌ಗಳನ್ನು ಆಡಿ ಮುಗಿಸಿ ಮಾರಬಹುದು ಎಂಬ ಲಾಭವೂ ಇದೆ; ನಾನು ಹೀಗೆ ಐದಾರನ್ನು ಮಾರಿದ್ದೇನೆ. ಆದರೆ ಡ್ರೈವ್ ಇದೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ ಕೊಳ್ಳಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡ್ರೈವ್ ಇಲ್ಲ, ಸೇರಿಸಲೂ ಬರುವುದಿಲ್ಲ. ಪ್ಲೇಸ್ಟೇಷನ್ 5ರ ತೆಳು ಮಾದರಿಗೆ ಡ್ರೈವನ್ನು ಆಮೇಲೆ ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕೇ ಬೇಕು. ಆಡಿಯೊ ಸಿಡಿಯೂ ಬೇಕು, ಪೆಟ್ಟಿಗೆಯೂ ಒಂದೇ ಇರಬೇಕು ಎನ್ನುವವರಿಗೆ ಡ್ರೈವ್ ಇರುವ ಸೀರೀಸ್ ಎಕ್ಸ್ ಒಂದು ದಾರಿ, ಅದು ಸಿಡಿಯನ್ನು ಓದುತ್ತದೆ.

ಪ್ಲೇಯರ್ ಕೊಳ್ಳಲು ಹೋದಾಗ ಅಕ್ಕನ ಮದುವೆಯ ವಿಸಿಡಿಯೊಂದನ್ನೂ ಒಂದು ಎಂಪಿ3 ಡಿಸ್ಕನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಂಗಡಿಯವರು ಮೊದಲು ತೆಗೆದ ಪೆಟ್ಟಿಗೆ ವಿಸಿಡಿಯನ್ನು ಹೊರಗೆ ಉಗುಳಿತು. ಎರಡನೆಯದರಲ್ಲಿ ಧಾರೆಯ ಹೊತ್ತಿನ ವಾಲಗದ ಸದ್ದು ಅಂಗಡಿ ತುಂಬ ಕೇಳಿಸಿತು, ದುಡ್ಡು ಕೊಟ್ಟೆ. ಆದರೆ ಇಂಥ ಪೆಟ್ಟಿಗೆಗಳು ಮುಂದೆಯೂ ಸಿಗುತ್ತವೆಂದು ಹೇಳಲಾಗದು: ಒಪ್ಪೊ 2018ರಲ್ಲಿಯೇ ಈ ವ್ಯವಹಾರ ಬಿಟ್ಟಿತು, ಸ್ಯಾಮ್ಸಂಗ್ 2019ರಲ್ಲಿ ಹೊಸ ಮಾದರಿಗಳನ್ನು ತರುವುದನ್ನು ನಿಲ್ಲಿಸಿತು, ಎಲ್‌ಜಿಯೂ 2024ರಲ್ಲಿ ಕೈತೊಳೆದುಕೊಂಡಿತು. ಕನ್ಸೋಲ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಅದಕ್ಕೇ ಕಳೆದ ದೀಪಾವಳಿಯಲ್ಲಿ ಅದೇ ಮಾದರಿಯ, ಯಾರೋ ಬಳಸಿ ಬಿಟ್ಟ ಪ್ಲೇಯರೊಂದನ್ನು ಎರಡು ಸಾವಿರಕ್ಕೆ ತಂದು, ಅದೇ ವಿಸಿಡಿ ಹಾಕಿ ನೋಡಿ, ಕಪಾಟಿನ ಮೇಲಿನ ಅರೆಯಲ್ಲಿ ಕಟ್ಟಿಟ್ಟಿದ್ದೇನೆ.