ಹಿನ್ನೀರಿನ ದೋಣಿಗೆ ಎರಡು ವಿಮೆ: ನಾವು ಮಾಡಿ ನೋಡಿದ ಹೋಲಿಕೆ

ಬೀಳಗಿ ತಾಲ್ಲೂಕಿನ ಹೆರಕಲ್ ಬಳಿ, ಘಟಪ್ರಭೆಯ ಮೇಲೆ ಹರಡಿಕೊಂಡಿರುವ ಆಲಮಟ್ಟಿ ಹಿನ್ನೀರಿನಲ್ಲಿ, ನನ್ನ ಮತ್ತು ತಮ್ಮನ ಹದಿನೆಂಟು ಅಡಿಯ ಫೈಬರ್ ದೋಣಿ ವರ್ಷವಿಡೀ ನೀರಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಂಡೆ ದೂರ ಸರಿಯುವುದರಿಂದಲೂ, ನಡುವೆ ಉಳಿಯುವ ಎರೆಮಣ್ಣಿನ ರಾಡಿಯಲ್ಲಿ ದೋಣಿ ಎಳೆಯುವುದು ಆಗದ ಮಾತಾದ್ದರಿಂದಲೂ, ತಳದಲ್ಲಿ ಕಾಂಕ್ರೀಟಿನ ದಿಮ್ಮಿ ಇಳಿಸಿ, ಸರಪಳಿಯ ಮೇಲ್ತುದಿಗೆ ತೇಲುವ ಡ್ರಮ್ಮು ಕಟ್ಟಿ, ಆ ಡ್ರಮ್ಮಿಗೆ ದೋಣಿಯ ಮೂತಿಯನ್ನು ಬಿಗಿಯುತ್ತೇವೆ. ಗಾಳಿ ಎತ್ತ ಬೀಸುತ್ತದೋ ದೋಣಿ ಅತ್ತ ತಿರುಗಿ ನಿಲ್ಲುತ್ತದೆ. ಹೀಗೆ ಕಾವಲಿಲ್ಲದೆ ತಿರುಗುತ್ತ ನಿಲ್ಲುವ ದೋಣಿಗೆ ನಾವು ಎರಡು ಬಗೆಯ ವಿಮೆಗಳನ್ನು ಒಂದಾದ ಮೇಲೊಂದು ಮಾಡಿಸಿದೆವು.

ಮೊದಲನೆಯದು ಮೀನುಗಾರಿಕೆ ದೋಣಿಗಳಿಗೆ ಕೊಡುವ, ಪೂರ್ಣ ನಷ್ಟಕ್ಕೆ ಮಾತ್ರ ಹಣ ಸಿಗುವ ಪಾಲಿಸಿ. ಪ್ರೀಮಿಯಂ ಕಡಿಮೆ, ಕಾಗದಪತ್ರವೂ ಕಡಿಮೆ, ಮೀನು ಹಿಡಿಯಲು ಯಾವ ಅಡ್ಡಿಯೂ ಇಲ್ಲ. ದೋಣಿ ಮುಳುಗಿ ಸಿಗದೇ ಹೋದರೆ ಅಥವಾ ದುರಸ್ತಿಗೆ ಬಾರದಂತೆ ಒಡೆದರೆ ಹಣ ಬರುತ್ತದೆ. ಆದರೆ ಲಂಗರಿನಲ್ಲಿರುವ ದೋಣಿಗೆ ಆಗುವ ಹಾನಿ ಬಹುತೇಕ ಅಷ್ಟು ದೊಡ್ಡದಾಗಿರುವುದಿಲ್ಲ ಎಂಬುದನ್ನು ನಾವು ಮೊದಲೇ ಯೋಚಿಸಬೇಕಿತ್ತು.

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯ ಹೊತ್ತಿಗೆ ಬಹಳ ಕೆಳಗೆ ಇಳಿದಿರುತ್ತದೆ. ನಮ್ಮ ಸರಪಳಿ 15 ಮೀಟರ್ ಉದ್ದದ್ದು. ಅದು ಬಿಗಿಯಾಗಿ ಎಳೆದಿರುವಾಗ, ನೀರಿನ ಆಳ 12 ಮೀಟರ್ ಇದ್ದರೆ ಡ್ರಮ್ಮು ದಿಮ್ಮಿಯಿಂದ 9 ಮೀಟರ್ ದೂರದವರೆಗೆ ಸುತ್ತುತ್ತದೆ. ಆಳ 9 ಮೀಟರಿಗೆ ಇಳಿದರೆ ಅದೇ ಸರಪಳಿಗೆ 12 ಮೀಟರ್ ದೂರದವರೆಗೆ ಹೋಗುವ ಸಡಿಲ ಸಿಗುತ್ತದೆ, ಅದರಾಚೆಗೆ ದೋಣಿಯ ಉದ್ದ ಬೇರೆ. ನೀರು ಕಡಿಮೆಯಾದಷ್ಟೂ ವರ್ತುಲ ದೊಡ್ಡದಾಗುತ್ತದೆ. ನಮ್ಮ ದೋಣಿ ಹಾಗೆ ದೊಡ್ಡದಾದ ವರ್ತುಲದಲ್ಲಿ ತಿರುಗಿ, ಮುಳುಗಡೆಯಾದ ಊರಿನ ಮನೆಯೊಂದರ ಕಲ್ಲಿನ ಗೋಡೆಗೆ ರಾತ್ರಿಯಿಡೀ ತಾಕಿ, ತಳದಲ್ಲಿ ಮೊಳದುದ್ದ ಸೀಳಿತು. ಪೂರ್ಣ ನಷ್ಟವಲ್ಲದ ಕಾರಣ ಒಂದು ರೂಪಾಯಿಯೂ ಬರಲಿಲ್ಲ. ಪಾಲಿಸಿಯಲ್ಲಿ ಬರೆದಿದ್ದದ್ದೇ ಹಾಗೆ, ಆದ್ದರಿಂದ ತಕರಾರು ಮಾಡಲು ಏನೂ ಇರಲಿಲ್ಲ.

ಎರಡನೆಯದು ವಿಹಾರ ದೋಣಿಗಳ ಪಾಲಿಸಿ. ಅದರ ಷರತ್ತುಗಳು ಲಂಡನ್ನಿನಲ್ಲಿ 1985ರಲ್ಲಿ ರೂಪುಗೊಂಡ ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಸಸ್ ಎಂಬ ಮಾದರಿ ಷರತ್ತುಗಳ ಪಟ್ಟಿಯವು. ಪ್ರೀಮಿಯಂ ಮೊದಲನೆಯದರ ಸುಮಾರು ಎರಡರಷ್ಟಾಯಿತು, ಪ್ರತಿ ಕ್ಲೇಮಿನಲ್ಲೂ ಮೊದಲ ಒಂದಿಷ್ಟು ಮೊತ್ತವನ್ನು ನಾವೇ ಹೊರಬೇಕು. ಆದರೂ ಭಾಗಶಃ ಹಾನಿಗೆ ಹಣ ಸಿಗುತ್ತದೆ, ಬೇರೆಯವರ ದೋಣಿಗೆ ನಾವು ಮಾಡಿದ ಹಾನಿಗೂ ರಕ್ಷಣೆ ಇದೆ. ಆ ವರ್ಷದ ಮೇ ತಿಂಗಳ ಬಿರುಗಾಳಿಯಲ್ಲಿ ಹಗ್ಗ ಹರಿದುಕೊಂಡು ಬಂದ ಇನ್ನೊಂದು ದೋಣಿ ನಮ್ಮದರ ಅಂಚನ್ನು ಒಡೆದಾಗ, ಸರ್ವೇಯರ್ ಬಂದು ನೋಡಿ, ಸರಪಳಿ ಕೊಂಡ ರಶೀದಿಯನ್ನೂ ಸರಪಳಿ ಜೋಡಿಸುವ ಲೋಹದ ಕೊಂಡಿಗಳಾದ ಶ್ಯಾಕಲ್‌ಗಳ ಫೋಟೋಗಳನ್ನೂ ಕೇಳಿ ಪಡೆದ ನಂತರ, ನಮ್ಮ ಪಾಲು ಕಳೆದು ದುರಸ್ತಿಯ ಹಣ ಬಂದಿತು. ಸವೆತದಿಂದಾದ ನಷ್ಟ ಈ ಪಾಲಿಸಿಗೆ ಸೇರುವುದಿಲ್ಲ. ಸವೆದ ಶ್ಯಾಕಲ್ ತುಂಡಾಗಿದ್ದರೆ ಮಾತು ಬೇರೆಯೇ ಆಗುತ್ತಿತ್ತೆಂದು ನನಗನಿಸುತ್ತದೆ.

ಈ ಪಾಲಿಸಿ ಕೊಳ್ಳುವವರು ಎರಡು ಷರತ್ತುಗಳನ್ನು ನಿಧಾನವಾಗಿ ಓದಬೇಕು. ದೋಣಿಯನ್ನು ಸ್ವಂತ ವಿಹಾರಕ್ಕೆ ಮಾತ್ರ ಬಳಸುತ್ತೇವೆಂಬ ವಾರಂಟಿ, ಅಂದರೆ ನಾವು ಕೊಡುವ ಕಟ್ಟುನಿಟ್ಟಾದ ವಾಗ್ದಾನ, ಅದರಲ್ಲಿದೆ, ಮತ್ತು ವಾರಂಟಿಯನ್ನು, ಅದು ಅಪಾಯಕ್ಕೆ ಸಂಬಂಧಿಸಿರಲಿ ಬಿಡಲಿ, ಅಕ್ಷರಶಃ ಪಾಲಿಸಬೇಕೆಂದು 1963ರ ಸಾಗರ ವಿಮಾ ಕಾಯ್ದೆ ಹೇಳುತ್ತದೆ. ನಾವು ಮೀನಿಗೂ ಹೋಗುವವರಾದ್ದರಿಂದ ಹೆಚ್ಚಿನ ಪ್ರೀಮಿಯಂ ಕಟ್ಟಿ ಅದಕ್ಕೆ ಒಪ್ಪಿಗೆಯನ್ನು ಪಾಲಿಸಿಯಲ್ಲೇ ಬರೆಸಿಕೊಂಡೆವು. ಇನ್ನೊಂದು, 17 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರಿಗಿಂತ, ಹೆಚ್ಚು ವೇಗಕ್ಕೆ ತಯಾರಾದ ದೋಣಿಗಳ ಷರತ್ತು: ಅಂಥ ದೋಣಿಯನ್ನು ಗಾಳಿ, ಅಲೆಗಳಿಗೆ ತೆರೆದುಕೊಂಡ ದಂಡೆಯ ಹತ್ತಿರದ ನೀರಿನಲ್ಲಿ ಯಾರೂ ಇಲ್ಲದೆ ಲಂಗರಿನಲ್ಲಿ ಬಿಟ್ಟಾಗ ಅದು ಮುಳುಗಿದರೆ ಅಥವಾ ಕಟ್ಟು ಕಳಚಿಕೊಂಡು ಹೋದರೆ ಕ್ಲೇಮು ಇಲ್ಲ. ನಮ್ಮದು 15 ಅಶ್ವಶಕ್ತಿಯ ಮೋಟರು, ಭಾರವಾದ ದೋಣಿ. ಆ ವೇಗದ ಹತ್ತಿರಕ್ಕೂ ಅದು ಹೋಗುವುದಿಲ್ಲ. ದೊಡ್ಡ ಮೋಟರು ಹಾಕಿಸಿ ಹಿನ್ನೀರಿನಲ್ಲಿ ಬಿಡುವವರಿಗೆ ದುಬಾರಿ ಪಾಲಿಸಿಯೂ ಇಲ್ಲಿ ಕೈಕೊಡುತ್ತದೆ.

ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಸಿಗುವ 5 ಲಕ್ಷ ರೂಪಾಯಿಯ ಅಪಘಾತ ವಿಮೆ ಮನುಷ್ಯನ ಜೀವಕ್ಕೆ ಸಂಬಂಧಿಸಿದ್ದು. ದೋಣಿಯ ವಿಮೆಗೆ ಅದು ಬದಲಿಯಲ್ಲ.

ಮೋಟರಿನ ವಿಷಯದಲ್ಲಿ ಎರಡನೆಯ ಪಾಲಿಸಿಯೂ ಕಟ್ಟುನಿಟ್ಟು. ಮಾಮೂಲಿ ಕ್ಲ್ಯಾಂಪಿನ ಜೊತೆಗೆ ಕಳ್ಳತನ ತಡೆಯುವ ಬೀಗ ಹಾಕಿದ್ದರೆ ಮಾತ್ರ ಕಳುವಿಗೆ ಹಣ. ಮೋಟರು ಕಳಚಿ ನೀರಿಗೆ ಬಿದ್ದರೆ ಏನೂ ಇಲ್ಲ. ಹಾಗಾಗಿ ಈ ಸಲ ನವೀಕರಣ ಮಾಡಿಸುವಾಗ ಬೀಗದ ರಶೀದಿಯನ್ನು ಅರ್ಜಿಗೆ ಲಗತ್ತಿಸಿದ್ದೇವೆ, ಮತ್ತು ವಿಮೆಗೆ ಸೇರದ ಆ ಒಂದು ಅಪಾಯಕ್ಕಾಗಿ ಮೋಟರಿನಿಂದ ದೋಣಿಯ ಒಳಗಿನ ಕೊಂಡಿಗೆ ಉಕ್ಕಿನ ತಂತಿಹಗ್ಗವೊಂದನ್ನು ತಮ್ಮ ತಾನೇ ಬಿಗಿದಿದ್ದಾನೆ.